ಪರದೆ ಕಪ್ಪಾದ ಮಾತ್ರಕ್ಕೆ ಕಂಪ್ಯೂಟರ್ ಸತ್ತಿಲ್ಲ



ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಕಂಪ್ಯೂಟರ್ ರಿಪೇರಿ ನನ್ನ ಪಾಠದ ವಿಷಯವಲ್ಲ. ಆದರೆ ಕಳೆದ ತಿಂಗಳು ನಮ್ಮ ಮನೆಯಲ್ಲಿ ನಡೆದ ಒಂದು ಘಟನೆಯಿಂದ ಕಲಿತದ್ದು ನಿಮಗೂ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ. ಮನೆಯಲ್ಲಿ ನಮ್ಮ ಮಾತು ಉರ್ದು. ಬರವಣಿಗೆಯಲ್ಲಿ ತಪ್ಪು ಕಂಡರೆ ತಿದ್ದಿ ಓದಿಕೊಳ್ಳಿ.

ನಮ್ಮ ಅಬ್ಬಾ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ ನಡೆಸುತ್ತಾರೆ. ಮಾರುಕಟ್ಟೆಯಲ್ಲಿ ಗೂಡು ಕೊಂಡದ್ದು, ಕೆಲಸದವರ ಕೂಲಿ, ಸೌದೆ ಖರ್ಚು, ನೂಲು ಮಾರಿದ್ದು, ಬರಬೇಕಾದ ಬಾಕಿ ಎಲ್ಲವೂ ಒಂದು ಹಳೆಯ ಡೆಸ್ಕ್‌ಟಾಪ್‌ನಲ್ಲಿದೆ. ಅದು ಮಾಮು ಕೊಟ್ಟದ್ದು, ನನಗಿಂತ ಮೂರೇ ವರ್ಷ ಚಿಕ್ಕದು. ಎರಡು ವರ್ಷದಿಂದ ಅದರಲ್ಲಿ ಲೆಕ್ಕ ಬರೆಯುತ್ತಿರುವವಳು ನಾನು.

ಒಂದು ಗುರುವಾರ ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು, ಮುಂದಿನ ದೀಪ ಹತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಸಾಲ ನವೀಕರಣಕ್ಕಾಗಿ ಸೋಮವಾರ ಬ್ಯಾಂಕಿಗೆ ವರ್ಷದ ಲೆಕ್ಕ ಕೊಡಬೇಕಿತ್ತು. ಬೇರೆ ಎಲ್ಲೂ ಅದರ ನಕಲು ಇರಲಿಲ್ಲ. ನಕಲು ಇಡದೇ ಇದ್ದದ್ದು ನನ್ನ ತಪ್ಪು.

ಅಬ್ಬಾ ಅದನ್ನು ಪೇಟೆಯ ಒಂದು ಅಂಗಡಿಗೆ ಒಯ್ದರು. ಅಲ್ಲಿಯವರು ಒಮ್ಮೆ ಆನ್ ಮಾಡಿ ನೋಡಿ, "ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಎಂದು ವಾಪಸು ಕಳಿಸಿದರು. ಡಬ್ಬ ತೆರೆಯಲೇ ಇಲ್ಲ. ಗೂಡಿನ ದರ ಏರಿದ್ದ ಆ ವಾರ ಹೊಸ ಕಂಪ್ಯೂಟರ್ ಮಾತೇ ಮನೆಯಲ್ಲಿ ಏಳುವಂತಿರಲಿಲ್ಲ. ಅಬ್ಬಾ ಏನೂ ಹೇಳದೆ ಅದನ್ನು ಮೂಲೆಯಲ್ಲಿ ಇಟ್ಟರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ತಿಳಿಯಬೇಕಾದದ್ದು

ಮರುದಿನ ನಮ್ಮ ಲ್ಯಾಬ್ ಸರ್ ಬಳಿ ಹೋಗಿ ಕೇಳಿದೆ. ಅವರು ಒಂದು ಪ್ರಶ್ನೆ ಕೇಳಿದರು: "ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಏನು ಮಾಡುತ್ತೀಯಮ್ಮಾ? ಪುಸ್ತಕ ಹರಿದು ಹಾಕುತ್ತೀಯಾ?" ಇಲ್ಲ ಸರ್, ಒಂದೊಂದೇ ಖಾತೆ ನೋಡುತ್ತೇನೆ ಎಂದೆ. "ಹಾಗಾದರೆ ಇಲ್ಲೂ ಅಷ್ಟೇ" ಎಂದು ವಿವರಿಸಿದರು.

ಸ್ವಿಚ್ ಹಾಕಿದ ಕೂಡಲೇ ಕಂಪ್ಯೂಟರ್ ವಿಂಡೋಸ್ ತೆರೆಯುವುದಿಲ್ಲ. ಮೊದಲು ಎಸ್.ಎಂ.ಪಿ.ಎಸ್. ಮನೆಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಾಗಿ ಬದಲಾಯಿಸಿ ಬೋರ್ಡಿಗೆ ಕೊಡುತ್ತದೆ. ನಂತರ ಪ್ರೊಸೆಸರ್ ಬಯಾಸ್ ಎಂಬ ಚಿಪ್‌ನಲ್ಲಿರುವ ಆದೇಶಗಳನ್ನು ಓದಿ, ತನ್ನನ್ನು, ರ‍್ಯಾಮನ್ನು, ಡಿಸ್‌ಪ್ಲೇ ಭಾಗವನ್ನು ಪರೀಕ್ಷಿಸುತ್ತದೆ. ಇದಕ್ಕೆ ಪೋಸ್ಟ್ ಎನ್ನುತ್ತಾರೆ. ಡಿಸ್‌ಪ್ಲೇ ಸಿದ್ಧವಾಗುವ ಮೊದಲೇ ತೊಂದರೆ ಕಂಡರೆ ಅದನ್ನು ಪರದೆಯ ಮೇಲೆ ಬರೆದು ತೋರಿಸಲು ಸಾಧ್ಯವಿಲ್ಲ. ಅದಕ್ಕಾಗಿ ಬೀಪ್ ಶಬ್ದ ಮಾಡುತ್ತದೆ.

ಇದರಿಂದ ನನಗೆ ಸಮಾಧಾನವಾದ ಒಂದು ವಿಷಯ ತಿಳಿಯಿತು. ಹಾರ್ಡ್ ಡಿಸ್ಕ್ ಕೆಟ್ಟರೆ ಸಾಮಾನ್ಯವಾಗಿ ಪರದೆಯ ಮೇಲೆ ಒಂದು ಸಂದೇಶವಾದರೂ ಬರುತ್ತದೆ. ಪರದೆ ಪೂರ್ತಿ ಕಪ್ಪಾಗಿದೆ ಎಂದರೆ ತೊಂದರೆ ಬಹುಮಟ್ಟಿಗೆ ಬೇರೆ ಕಡೆ ಇದೆ. ಬೋರ್ಡ್ ನಿಜವಾಗಿ ಹೋಗಿದ್ದರೂ ಡಿಸ್ಕನ್ನು ತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿ ಲೆಕ್ಕ ತೆಗೆಯಬಹುದು. ಹೊಸದು ಕೊಳ್ಳುವವರೂ ಹಳೆಯ ಡಬ್ಬವನ್ನು ಗುಜರಿಗೆ ಕೊಡುವ ಮೊದಲು ಇದನ್ನು ನೆನಪಿಡಿ.

ಡಬ್ಬ ತೆರೆಯದೆ ಮಾಡುವ ಪರೀಕ್ಷೆ

1. ಮಾನಿಟರಿನ ವಿದ್ಯುತ್ ವಯರ್ ಇರಲಿ, ಕಂಪ್ಯೂಟರಿನಿಂದ ಬರುವ ವಿ.ಜಿ.ಎ. ಕೇಬಲ್ ಮಾತ್ರ ಬಿಚ್ಚಿ ಮಾನಿಟರ್ ಆನ್ ಮಾಡಿ. ಸಿಗ್ನಲ್ ಇಲ್ಲ ಅಥವಾ ಕೇಬಲ್ ನೋಡಿ ಎಂಬ ಸಂದೇಶ ಬಂದರೆ ಮಾನಿಟರಿನ ಪರದೆ ಬದುಕಿದೆ. ನಮ್ಮದರಲ್ಲಿ ಸಂದೇಶ ಬಂತು.

2. ಕೇಬಲ್‌ನ ತುದಿಯಲ್ಲಿ ಪಿನ್ ಬಾಗಿದೆಯೇ ನೋಡಿ. ಎರಡೂ ಕಡೆ ಸ್ಕ್ರೂ ಬಿಗಿ ಮಾಡಿ. ಸಾಧ್ಯವಾದರೆ ಬೇರೆ ಕೇಬಲ್ ಹಾಕಿ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹಾಕಬೇಕು, ಬೋರ್ಡಿಗಲ್ಲ.

3. ಕಂಪ್ಯೂಟರ್ ಆನ್ ಮಾಡಿ ಒಂದೆರಡು ನಿಮಿಷ ಬಿಟ್ಟು ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಒಳಗೆ ಕೆಲಸ ಮಾಡುತ್ತಿದೆ, ತೊಂದರೆ ಡಿಸ್‌ಪ್ಲೇ ಕಡೆಗೆ ಇದೆ. ದೀಪ ಬದಲಾಗದಿದ್ದರೆ ಪೋಸ್ಟ್ ಮುಗಿದಿಲ್ಲದಿರಬಹುದು. ನಮ್ಮದರಲ್ಲಿ ಬದಲಾಗಲಿಲ್ಲ.

ಡಬ್ಬ ತೆರೆಯುವ ಮುನ್ನ

ಗೋಡೆಯ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು. ಬಳಿಕ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಒಳಗೆ ಕೈ ಹಾಕುವ ಮುನ್ನ ಡಬ್ಬದ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ. ನಮ್ಮ ಮೈಯಲ್ಲಿನ ಸ್ಥಿರ ವಿದ್ಯುತ್ ಚಿಪ್‌ಗಳನ್ನು ಸುಡಬಲ್ಲದು. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನೂ ಹಳೆಯ ದಪ್ಪ ಮಾನಿಟರನ್ನೂ ಯಾವ ಕಾರಣಕ್ಕೂ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಏನನ್ನಾದರೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಈ ಫೋಟೋ ನನ್ನನ್ನು ಹೇಗೆ ಕಾಪಾಡಿತು ಎಂದು ಮುಂದೆ ಹೇಳುತ್ತೇನೆ.

ಸರ್ ಹಳೆಯ ಕಂಪ್ಯೂಟರಿನಿಂದ ಕಿತ್ತ ಬೆರಳ ತುದಿಯಷ್ಟು ಸಣ್ಣ ಸ್ಪೀಕರ್ ಕೊಟ್ಟರು. ನಮ್ಮ ಡಬ್ಬದಲ್ಲಿ ಅದು ಇರಲೇ ಇಲ್ಲ. ಬೀಪ್ ಕೇಳಿಸದಿದ್ದುದಕ್ಕೆ ಅದೇ ಕಾರಣ!

ಬೋರ್ಡ್ ಮಾತಾಡಿತು

ಶುಕ್ರವಾರ ಸಂಜೆ ಡಬ್ಬ ತೆರೆದೆ. ಅಮ್ಮಿ ಟಾರ್ಚ್ ಹಿಡಿದರು. ಒಳಗೆ ಧೂಳು ಮೆತ್ತಿಕೊಂಡಿತ್ತು. ಒಣ ಬ್ರಷ್‌ನಿಂದ ಅದನ್ನು ತೆಗೆದೆ. ಸ್ಪೀಕರನ್ನು ಬೋರ್ಡಿನ ನಾಲ್ಕು ಪಿನ್‌ಗಳ ಮೇಲೆ ಕೂರಿಸಿ ಆನ್ ಮಾಡಿದೆ. ಉದ್ದವಾದ ಬೀಪ್ ಮತ್ತೆ ಮತ್ತೆ ಬಂತು. ಬೀಪ್‌ಗಳ ಅರ್ಥ ಬಯಾಸ್ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಆದರೂ ಉದ್ದ ಬೀಪ್ ಮರುಕಳಿಸಿದರೆ ಹೆಚ್ಚಾಗಿ ರ‍್ಯಾಮ್ ತೊಂದರೆ. ಒಂದು ಉದ್ದ, ಎರಡು ಗಿಡ್ಡ ಬಂದರೆ ಹೆಚ್ಚಾಗಿ ಡಿಸ್‌ಪ್ಲೇ ಭಾಗದ ತೊಂದರೆ.

ಪ್ಲಗ್ ಕಿತ್ತು, ರ‍್ಯಾಮನ್ನು ಪೂರ್ತಿ ತೆಗೆದು ಮತ್ತೆ ಆನ್ ಮಾಡಿದೆ. ಅದೇ ಬೀಪ್. ಇಲ್ಲಿ ಸ್ವಲ್ಪ ಯೋಚಿಸಿ. ರ‍್ಯಾಮ್ ಇಲ್ಲ ಎಂದು ಬೋರ್ಡ್ ಕೂಗಿ ಹೇಳುತ್ತಿದೆ ಎಂದರೆ ಬೋರ್ಡು, ಪ್ರೊಸೆಸರ್ ಎರಡೂ ಬದುಕಿವೆ. ರ‍್ಯಾಮ್ ಇದ್ದಾಗಲೂ ಅದೇ ಕೂಗು ಎಂದರೆ, ಇರುವ ರ‍್ಯಾಮ್ ಅದಕ್ಕೆ ಕಾಣುತ್ತಿಲ್ಲ. ಅಂಗಡಿಯವರ ತೀರ್ಮಾನ ಸರಿಯಲ್ಲ ಎಂದು ನನಗೆ ಆಗ ಗೊತ್ತಾಯಿತು.

ನಮ್ಮದು 2 ಜಿಬಿಯ ಡಿಡಿಆರ್2 ರ‍್ಯಾಮ್. ಅದರ ಅಂಚಿನಲ್ಲಿ 240 ಸಣ್ಣ ಚಿನ್ನದ ಬಣ್ಣದ ಪಟ್ಟಿಗಳಿವೆ. ಅದು ಕೆಲಸ ಮಾಡುವುದು ಕೇವಲ 1.8 ವೋಲ್ಟ್‌ನಲ್ಲಿ. ಆದ್ದರಿಂದ ಪಟ್ಟಿಗಳ ಮೇಲೆ ತೆಳುವಾದ ಕೊಳೆ ಕೂತರೂ ಸಂಪರ್ಕ ತಪ್ಪಬಹುದು. ಕಂಪ್ಯೂಟರ್ ಇದ್ದದ್ದು ಗೂಡು ಬೇಯಿಸುವ ಶೆಡ್ಡಿನ ಪಕ್ಕದ ಕೋಣೆಯಲ್ಲಿ. ದಿನವಿಡೀ ಬಿಸಿನೀರಿನ ಹಬೆ, ಒಲೆಯ ಹೊಗೆ. ನಮ್ಮ ಅನ್ನದ ಹಬೆಯೇ ನಮ್ಮ ಲೆಕ್ಕವನ್ನು ಮುಚ್ಚಿತ್ತು.

ಶಾಲೆಯ ಬಿಳಿ ರಬ್ಬರಿನಿಂದ ಪಟ್ಟಿಗಳನ್ನು ಎರಡೂ ಬದಿ ಮೆಲ್ಲಗೆ ಉಜ್ಜಿದೆ. ರಬ್ಬರಿನ ಪುಡಿ ಕಪ್ಪಾಗಿ ಬಂತು. ಒಣ ಬಟ್ಟೆಯಿಂದ ಒರೆಸಿದೆ. ಪಟ್ಟಿಗಳನ್ನು ಬೆರಳಿನಿಂದ ಮುಟ್ಟಬಾರದು, ಒದ್ದೆ ಬಟ್ಟೆ ಬಳಸಬಾರದು. ರ‍್ಯಾಮಿನ ಗೀರು ಸ್ಲಾಟಿನ ಉಬ್ಬಿಗೆ ಸರಿಹೊಂದುವಂತೆ ಇಟ್ಟು, ಎರಡೂ ತುದಿಯ ಕ್ಲಿಪ್ ಟಕ್ ಎನ್ನುವವರೆಗೆ ಸಮವಾಗಿ ಒತ್ತಿದೆ.

ನಾನು ಮಾಡಿದ ತಪ್ಪು

ಆನ್ ಮಾಡಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು. ಈ ಸಲ ಬೀಪ್ ಕೂಡ ಇಲ್ಲ!

ನನ್ನ ಕೈ ನಡುಗಿತು. ಬದುಕಿದ್ದ ಬೋರ್ಡನ್ನು ನಾನೇ ಕೊಂದೆ ಎಂದು ಅಳು ಬಂತು. ಮಗ್ರಿಬ್ ನಮಾಜ್ ಮುಗಿಸಿ ಬಂದ ಅಬ್ಬಾ ನೋಡಿ, "ಜಲ್ದಿ ನಕ್ಕೋ ಕರೋ ಬೇಟಾ" ಎಂದರು. ಅವಸರ ಬೇಡ ಎಂದರ್ಥ. ಬೈಯಲಿಲ್ಲ.

ಆಗ ಸರ್ ಹೇಳಿದ ಮಾತು ನೆನಪಾಯಿತು: ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ವಲ್ಪ ಹೊತ್ತಿನ ಹಿಂದೆ ಬೀಪ್ ಬರುತ್ತಿತ್ತು, ಈಗ ಇಲ್ಲ. ಅಂದರೆ ನಡುವೆ ನಾನೇ ಏನೋ ಬದಲಿಸಿದ್ದೇನೆ. ಪ್ಲಗ್ ಕಿತ್ತು, ಫೋಟೋ ತೆಗೆದು ಹೋಲಿಸಿದೆ. ಫೋಟೋದಲ್ಲಿ ಪ್ರೊಸೆಸರ್ ಪಕ್ಕ ಎರಡು ಹಳದಿ, ಎರಡು ಕಪ್ಪು ವಯರಿನ ಚೌಕ ಪ್ಲಗ್ ಇತ್ತು. ಈಗ ಅದು ಜೋತಾಡುತ್ತಿತ್ತು. ರ‍್ಯಾಮ್ ಕೂರಿಸಲು ಜಾಗ ಮಾಡುವಾಗ ಕಿತ್ತು ಮರೆತಿದ್ದೆ. ಪ್ರೊಸೆಸರಿಗೆ 12 ವೋಲ್ಟ್ ಬರುವುದು ಅದರಿಂದಲೇ. ಅದಿಲ್ಲದಿದ್ದರೂ ಫ್ಯಾನ್ ತಿರುಗುತ್ತದೆ, ಬೇರೇನೂ ಆಗುವುದಿಲ್ಲ.

ಪ್ಲಗ್ ಹಾಕಿದೆ. ಒಂದೇ ಒಂದು ಗಿಡ್ಡ ಬೀಪ್ ಬಂತು. ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಅಮ್ಮಿ ಟಾರ್ಚ್ ಆರಿಸುವುದನ್ನೇ ಮರೆತು ನಿಂತಿದ್ದರು.

ತಾರೀಖು ಮಾತ್ರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಬೋರ್ಡಿನಲ್ಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದಿತ್ತು. ಅದು 3 ವೋಲ್ಟಿನದು, ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಬದಲಿಸದೆ ಲೆಕ್ಕ ಬರೆದರೆ ವೋಚರ್‌ಗಳಿಗೆ ತಪ್ಪು ತಾರೀಖು ಬೀಳಬಹುದು. ವಾಣಿಜ್ಯ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಇಷ್ಟಕ್ಕೂ ಸರಿಯಾಗದಿದ್ದರೆ

ರ‍್ಯಾಮನ್ನು ಇನ್ನೊಂದು ಸ್ಲಾಟಿನಲ್ಲಿ ಹಾಕಿ ನೋಡಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಪರೀಕ್ಷಿಸಿ. ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಪೆನ್ ಡ್ರೈವ್, ಪ್ರಿಂಟರ್ ಎಲ್ಲ ಬಿಚ್ಚಿ, ಬೋರ್ಡ್, ಪ್ರೊಸೆಸರ್ ಮತ್ತು ಒಂದು ರ‍್ಯಾಮಿನಿಂದ ಮಾತ್ರ ಆನ್ ಮಾಡಿ. ಪರದೆ ಬಂದರೆ ಒಂದೊಂದೇ ಜೋಡಿಸುತ್ತಾ ಹೋಗಿ. ಪ್ಲಗ್ ಕಿತ್ತು ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟು ಹಾಕಿದರೆ ಬಯಾಸ್ ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಬೋರ್ಡಿನ ಮೇಲಿನ ಸಣ್ಣ ಡ್ರಮ್ಮಿನಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅಥವಾ ಸೋರಿದ್ದರೆ ಅದು ತಿಳಿದವರ ಕೆಲಸ. ಬೇರೆ ಎಸ್.ಎಂ.ಪಿ.ಎಸ್. ಹಾಕಿ ನೋಡುವುದೂ ಅವರಿಂದಲೇ ಆಗಲಿ. ಹೋಗುವಾಗ ನೀವು ಏನೇನು ಪರೀಕ್ಷಿಸಿದಿರಿ ಎಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಆಗ ಯಾರೂ ಒಂದೇ ಮಾತಿನಲ್ಲಿ ವಾಪಸು ಕಳಿಸುವುದಿಲ್ಲ.

ಕೊನೆಗೆ

ನಾನು ಲೆಕ್ಕ ತೆರೆದಾಗ ಅಬ್ಬಾ ಕನ್ನಡಕ ಹಾಕಿಕೊಂಡು ಬಾಕಿ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದರು. ಹೊಗಳುತ್ತಾರೆ ಎಂದುಕೊಂಡಿದ್ದೆ. "ಮೊದಲು ಇದರ ನಕಲು ತೆಗಿ" ಎಂದರು. ಆ ರಾತ್ರಿಯೇ ತೆಗೆದೆ. ಈಗ ಪ್ರತಿ ಶನಿವಾರ ಎರಡು ಪೆನ್ ಡ್ರೈವ್‌ಗಳಿಗೆ ನಕಲು ಮಾಡುತ್ತೇನೆ. ಒಂದು ಮನೆಯಲ್ಲಿ, ಇನ್ನೊಂದು ಮಾಮು ಹತ್ತಿರ. ಸೋಮವಾರ ಬ್ಯಾಂಕಿಗೆ ಲೆಕ್ಕ ಹೋಯಿತು. ಕಂಪ್ಯೂಟರ್ ಈಗ ಹಬೆ ಬಾರದ ಮುಂದಿನ ಕೋಣೆಯಲ್ಲಿದೆ.

ಸ್ಪೀಕರ್ ವಾಪಸು ಕೊಡಲು ಹೋದಾಗ ಸರ್ ತೆಗೆದುಕೊಳ್ಳಲಿಲ್ಲ. ಲ್ಯಾಬಿನ ಹಿಂದಿನ ಕೋಣೆಯ ಬಾಗಿಲು ತೆರೆದು ತೋರಿಸಿದರು. ಕೆಟ್ಟಿವೆ ಎಂದು ಎತ್ತಿಟ್ಟ ಮೂರು ಡೆಸ್ಕ್‌ಟಾಪ್‌ಗಳು ಅಲ್ಲಿವೆ. ಮುಂದಿನ ಶನಿವಾರ ತರಗತಿ ಮುಗಿದ ಮೇಲೆ ಅವುಗಳಲ್ಲಿ ಒಂದನ್ನು ತೆರೆಯಲು ಅನುಮತಿ ಕೊಟ್ಟಿದ್ದಾರೆ. ಆಸಕ್ತಿ ಇರುವವರು ಬನ್ನಿ. ವಿಜ್ಞಾನ, ವಾಣಿಜ್ಯ, ಕಲಾ ಎಂಬ ಭೇದವಿಲ್ಲ. ಬರುವಾಗ ಒಂದು ಬಿಳಿ ರಬ್ಬರ್ ತನ್ನಿ.