ಸಮಾಜಶಾಸ್ತ್ರ ಓದಿದವರಿಗೆ ಕೆಲಸ ಎಲ್ಲಿದೆ?

“ಸಮಾಜಶಾಸ್ತ್ರ ಓದಿ ಏನ್ಮಾಡ್ತೀಯ? ಲೆಕ್ಚರರ್ ಆಗ್ಬೇಕು, ಅಷ್ಟೇ ತಾನೆ?” ಎಂ.ಎ. ಮುಗಿಸುವ ಹೊತ್ತಿಗೆ ನೆಂಟರಿಷ್ಟರಿಂದ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ನೆಟ್, ಕೆ-ಸೆಟ್ ಪಾಸು ಮಾಡಿಕೊಂಡು ಪಾಠ ಹೇಳಲು ಹೋದ ಗೆಳೆಯರಿದ್ದಾರೆ. ನಾನು ಮಾತ್ರ ಸಮೀಕ್ಷೆಯ ನಮೂನೆ ಹಿಡಿದು ಮನೆಮನೆ ತಿರುಗುವ ಕೆಲಸಕ್ಕೆ ಸೇರಿದೆ.

ಮನೆ ಎಣಿಸುವುದಕ್ಕೂ ಓದು ಬೇಕೆಂದು ಅಲ್ಲಿ ತಿಳಿಯಿತು. ಒಂದೇ ಸೂರಿನಡಿ ಅಣ್ಣತಮ್ಮಂದಿರು, ಒಂದೇ ರೇಷನ್ ಕಾರ್ಡು. “ಅಡುಗೆ ಒಟ್ಟಿಗೇನಾ ಅಜ್ಜಿ?” ಎಂದರೆ, “ಇಲ್ಲ ಕಣವ್ವ, ಹೋದ ಯುಗಾದಿಗೇ ಒಲೆ ಬೇರೆ ಆಯ್ತು.” ಜನಗಣತಿಯ ಲೆಕ್ಕದಲ್ಲೂ ಒಂದು ಅಡುಗೆಮನೆಯಲ್ಲಿ ಉಣ್ಣುವವರೇ ಒಂದು ಕುಟುಂಬ. ಈ ಒಂದು ಪ್ರಶ್ನೆ ಕೇಳದಿದ್ದರೆ ತಮ್ಮನ ಸಂಸಾರದ ಸಾಲಸೋಲವೆಲ್ಲ ಅಣ್ಣನ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ.

ಮುಂದೆ ಭೂಸ್ವಾಧೀನದ ಸಾಮಾಜಿಕ ಪರಿಣಾಮ ಅಧ್ಯಯನದ ತಂಡದಲ್ಲಿ ದುಡಿದೆ. 2013ರ ಕಾಯ್ದೆ ಪ್ರಕಾರ, ಸ್ವಂತ ಜಮೀನಿಲ್ಲದಿದ್ದರೂ ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಅಲ್ಲೇ ದುಡಿದು ಬದುಕಿದ ಕೂಲಿಕಾರರು, ಗೇಣಿದಾರರು, ಕುಶಲಕರ್ಮಿಗಳೂ ಬಾಧಿತರೇ. ಪಹಣಿಯಲ್ಲಿ ಹುಡುಕಿದರೆ ಕೂಲಿಯವರ ಹೆಸರು ಸಿಗುವುದಿಲ್ಲ. ಸಭೆಯಲ್ಲಿ ಮುಂದೆ ಕೂತವರನ್ನಷ್ಟೇ ಮಾತಾಡಿಸಿ ಬಂದರೂ ಕೂಲಿಯವರು ವರದಿಗೆ ಸೇರುವುದಿಲ್ಲ. ಕೂಲಿ ಮುಗಿಸಿ ಮನೆಗೆ ಬರುವ ಹೊತ್ತು ನೋಡಿಕೊಂಡು ಕೇರಿಗೇ ಹೋಗಬೇಕು. 1948ರಲ್ಲಿ, ತಾವು ರಾಂಪುರವೆಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಧ್ಯಯನ ಮಾಡಿದ ಎಂ.ಎನ್. ಶ್ರೀನಿವಾಸರನ್ನು ಪರೀಕ್ಷೆಗೆಂದು ಓದಿದ್ದೆ. ಅವರು ಏಕೆ ಅಲ್ಲೇ ಉಳಿದರೆಂಬುದು ಆ ಸಂಜೆಗಳಲ್ಲಿ ಅರ್ಥವಾಯಿತು. ಯಾರನ್ನು, ಎಲ್ಲಿ, ಯಾವ ಹೊತ್ತಿನಲ್ಲಿ ಕೇಳಬೇಕೆಂಬ ತಿಳಿವಳಿಕೆಯೇ ನಮ್ಮ ಪದವಿಯ ಗಳಿಕೆ.

ಈ ತಿಳಿವಳಿಕೆ ಬೇಕಾದ ಕೆಲಸಗಳು ಬೇರೆ ಬೇರೆ ಹೆಸರಿನಲ್ಲಿವೆ. ಜಾಹೀರಾತಿನಲ್ಲಿ ‘ಸಮಾಜಶಾಸ್ತ್ರ’ ಎಂದಷ್ಟೇ ಹುಡುಕಬೇಡಿ. ಸರ್ಕಾರಿ ಯೋಜನೆಗಳ ಸಾಮಾಜಿಕ ಪರಿಶೋಧನೆ, ಸ್ವಸಹಾಯ ಸಂಘಗಳ ಸಂಜೀವಿನಿ ಯೋಜನೆ, ಸ್ವಯಂಸೇವಾ ಸಂಸ್ಥೆಗಳ ಮೌಲ್ಯಮಾಪನ, ಕಂಪನಿಗಳ ಸಿಎಸ್‌ಆರ್ ವಿಭಾಗ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಯೂಸರ್ ರಿಸರ್ಚ್, ಹೀಗೆ ಎಲ್ಲ ಕಡೆಯೂ ಜನರ ಜೊತೆ ಕೂತು ಕೇಳಿ ಬರೆಯಬಲ್ಲವರು ಬೇಕು. ನಾಗರಿಕ ಸೇವೆಗೆ ಹೋಗಬೇಕೆನ್ನುವವರಿಗೂ ಈ ಓದು ನೆರವಾಗುತ್ತದೆ: ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಸಮಾಜಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡರೆ ಅದಕ್ಕೇ 500 ಅಂಕ.

ಇವುಗಳಲ್ಲಿ ಅನೇಕ ಕೆಲಸಗಳು ಗುತ್ತಿಗೆಯವು. ಶುರುವಿನ ಸಂಬಳವೂ ಕಡಿಮೆ. ಅವಧಿ ಎಷ್ಟು, ಓಡಾಟದ ಖರ್ಚು ಯಾರದು ಎಂದು ಸೇರುವ ಮುನ್ನವೇ ಸಂಕೋಚವಿಲ್ಲದೆ ಕೇಳಿ. ಎಕ್ಸೆಲ್ ಕಲಿಯಿರಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ನೇರವಾಗಿ ವರದಿ ಬರೆಯುವುದನ್ನು ರೂಢಿಸಿಕೊಳ್ಳಿ. ಓದುತ್ತಿರುವಾಗಲೇ ರಜೆಯಲ್ಲಿ ಒಂದು ಸಮೀಕ್ಷೆಗೆ ಸೇರಿಕೊಳ್ಳಿ. ಸಂದರ್ಶನದಲ್ಲಿ ಹೇಳಿಕೊಳ್ಳಲು ನಿಮ್ಮದೇ ಆದ ಒಂದು ಊರಿನ ಅನುಭವ ಇರುತ್ತದೆ. ಬರೀ ಅಂಕಪಟ್ಟಿ ಹಿಡಿದು ಬಂದವರಿಗಿಂತ ಅಂಥ ಅನುಭವ ಇರುವವರನ್ನೇ ನಾವು ನಮ್ಮ ತಂಡಕ್ಕೆ ಮೊದಲು ತೆಗೆದುಕೊಳ್ಳುತ್ತೇವೆ.