ಹೊಸ ನಳಿಗೆ, ಕೆಂಪು ದೂಳು

ಕಂಪ್ಲಿ ಕಡೆ ನಮ್ಮದು ಕಬ್ಬು, ಬಾಳೆ. ರಾತ್ರಿಯಾದರೆ ಹಂದಿ ಕಾಟ. ದರೋಜಿ ಗುಡ್ಡದ ಕರಡಿಯೂ ಒಮ್ಮೊಮ್ಮೆ ಇಳಿದು ಬರುತ್ತದೆ. ಬೆಳೆ ಕಾಯೋದಕ್ಕೆ ಅಂತ ಪರವಾನಗಿಯ ಒಂಟಿ ನಳಿಗೆ ಕೋವಿ ಇದೆ, ಹನ್ನೆರಡು ಬೋರಿನದು. ಅಪ್ಪನ ಕಾಲದ್ದು ಸವೆದು ಹೊಸದು ತಂದ ಮೇಲೆ ಕಲಿತದ್ದು ಇದು.

1. ಮೊದಲು ಕಾಗದ. ಅಭಯಾರಣ್ಯದ ಸುತ್ತ 10 ಕಿ.ಮೀ. ಒಳಗೆ ಹೊಸ ಪರವಾನಗಿ ಬೇಕೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. 1972ರ ವನ್ಯಜೀವಿ ಕಾಯ್ದೆಯೇ ಹಾಗೆ ಹೇಳುತ್ತದೆ. ದರೋಜಿ ಕರಡಿಧಾಮ ಆದದ್ದು 1994ರಲ್ಲಿ. ಶಿಕಾರಿಯ ಮಾತಂತೂ ಎತ್ತಲೇಬೇಡಿ. ಬೇಟೆ ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಮೇಲಿದೆ, ಅಲ್ಲೇ ಇರಲಿ.

2. ಕಾರ್ಖಾನೆಯ ಗ್ರೀಸ್ ತೆಗೆಯದೆ ತೋಟಾ ತುಂಬಬೇಡಿ. ಹಿಂಬದಿಯಿಂದ ಗಜ (ಒರೆಸುವ ಸರಳು) ತೂರಿಸಿ, ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಒರೆಸಿ. ನಳಿಗೆ ಮೇಲಿನ ಅಂಕಿಯನ್ನೂ ಓದಿಕೊಳ್ಳಿ. 65 ಮಿ.ಮೀ. ತೋಟಾ ಮನೆಯೊಳಗೆ 70ರ ತೋಟಾ ಸಲೀಸಾಗಿ ಕೂರುತ್ತದೆ. ಸಿಡಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ.

3. ಒಂದು ಗುಂಡು ಹೊಡಿ, ಒಮ್ಮೆ ಒರೆಸು, ಹೀಗೆ ಹತ್ತಾರು ಸಲ ಮಾಡಿ ನಳಿಗೆ ಪಳಗಿಸಬೇಕು ಅನ್ನುವವರಿದ್ದಾರೆ. ಅದು ರೈಫಲ್‌ನವರ ಶಾಸ್ತ್ರ. ಅದರ ನಳಿಗೆಯೊಳಗಿನ ಸುರುಳಿ ತೋಡುಗಳಿಗೆ ಗುಂಡಿನ ತಾಮ್ರ ಮೆತ್ತಿಕೊಳ್ಳುತ್ತದೆ. ಅವರಲ್ಲೂ ಇದನ್ನು ನಂಬದವರು ಬೇಕಾದಷ್ಟು. ನಮ್ಮದು ನುಣುಪು ನಳಿಗೆ, ತೋಡೇ ಇಲ್ಲ.

4. ಪಳಗಬೇಕಾದವನು ನಾನು. ಅನುಮತಿಯಿದ್ದ ರೇಂಜಿನಲ್ಲಿ 40 ಗಜ ದೂರಕ್ಕೆ ದೊಡ್ಡ ಹಾಳೆ ಕಟ್ಟಿ ಹೊಡೆದೆ. ಚರೆಯ ತೂತುಗಳು ದಟ್ಟವಾಗಿರುವ ಕಡೆ 30 ಇಂಚಿನ ವೃತ್ತ ಎಳೆದು ಎಣಿಸಬೇಕು. ನಳಿಗೆ ಬಾಯಿಯ ಚೋಕ್ ಪೂರ್ತಿ ಬಿಗಿಯಾದರೆ ನೂರಕ್ಕೆ 70ರಷ್ಟು ಒಳಗಿರಬೇಕು. ಐದು ಹಾಳೆಯಲ್ಲೂ ಗುಂಪು ಒಂದು ಗೇಣು ಎಡಕ್ಕೆ! ನಳಿಗೆ ಸೊಟ್ಟ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೊರಟಿದ್ದೆ. ಕೊನೆಗೆ ನೋಡಿದರೆ, ನನ್ನ ಕೆನ್ನೆ ಹಿಡಿಯ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ.

5. ಹಿಂದೆ ಮಣ್ಣಿನ ದಿಬ್ಬವೇ ಇರಬೇಕು. ನಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ಬಂಡೆ. ಬಂಡೆಗೆ ಬಡಿದ ಚರೆ ಯಾವ ದಿಕ್ಕಿಗೆ ತಿರುಗುತ್ತದೋ ಹೇಳಲಾಗದು.

6. ಸಂಡೂರು, ಹೊಸಪೇಟೆ ದಾರಿಯ ಕೆಂಪು ದೂಳು ಅದಿರಿನ ಪುಡಿ. ಅಕ್ಕಸಾಲಿಗರು ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ನಾನು ಶೇಂಗಾ ಎಣ್ಣೆ ಸವರಿಟ್ಟಿದ್ದೆ. ಎಣ್ಣೆ ಅಂಟಾಗಿ ದೂಳು ಹಿಡಿಯಿತು. ಒರೆಸಿದರೆ ಬಟ್ಟೆ ಕುಂಕುಮ ಬಣ್ಣ. ಗಜ ಎಳೆದಷ್ಟೂ ಉಜ್ಜುಪುಡಿ ಹಾಕಿ ಉಜ್ಜಿದ ಹಾಗೆಯೇ. ಈಗ ತೆಳು ಬಂದೂಕಿನೆಣ್ಣೆ, ಅದೂ ಸವರಿದೆಯೋ ಇಲ್ಲವೋ ಅನ್ನುವಷ್ಟು.

7. ತುಂಬುವ ಮೊದಲು ನಳಿಗೆ ಮಡಚಿ ಆಕಾಶಕ್ಕೆ ಹಿಡಿದು ನೋಡಿ, ಆಚೆ ದುಂಡಗೆ ಬೆಳಕು ಕಾಣಬೇಕು. ಚುನಾವಣೆಗೆಂದು ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟಿದ್ದ ಕೋವಿಯನ್ನು ಬಿಡಿಸಿ ತಂದ ರಾತ್ರಿಯೇ ತೋಟದಲ್ಲಿ ಹಂದಿ ಗದ್ದಲ. ಅವಸರದಲ್ಲೂ ಟಾರ್ಚ್ ಹಿಡಿದೆ, ಒಳಗೆ ಕತ್ತಲೆ. ಕುಂಬಾರ ಹುಳ ಗೂಡು ಕಟ್ಟಿತ್ತು. ಗಜದಿಂದ ನೂಕಿದರೆ ಹೆಬ್ಬೆರಳು ಗಾತ್ರದ ಒಣ ಮಣ್ಣು, ಅದರೊಳಗಿನ ನಾಲ್ಕೈದು ಸಣ್ಣ ಜೇಡಗಳ ಸಮೇತ, ಪಡಸಾಲೆಯ ಮೇಲೆ ಬಿತ್ತು. ಹಂದಿಗಳನ್ನು ಆ ರಾತ್ರಿ ತಗಡು ಬಡಿದೇ ಓಡಿಸಿದ್ದು.