ತೋಟಕ್ಕೆ ಒಯ್ದು ನೋಡು

ಪುಟ್ಟಿ, ಯುಗಾದಿಗೆ ಕೇಳಿದಾಗ ‘ಇನ್ನೊಂಚೂರು ಸರಿ ಮಾಡ್ಬೇಕು ದೊಡ್ಡಪ್ಪ’ ಅಂದೆ. ಮೊನ್ನೆ ಫೋನಿನಲ್ಲೂ ಅದೇ ರಾಗ. ಮಣ್ಣಿನ ತೇವ ಅಳೆಯುವ ನಿನ್ನ ಯಂತ್ರ ಮನೆಯ ಹೂಕುಂಡದಲ್ಲಿ ಚೆನ್ನಾಗಿಯೇ ಅಳೆಯುತ್ತಿದೆಯಂತೆ. ಆದರೂ ಅದನ್ನು ಅಡಿಕೆ ತೋಟಕ್ಕೆ ಒಯ್ಯಲು ನಿನಗೆ ಮನಸ್ಸಿಲ್ಲ. ಅಲ್ಲಿ ಕೈಕೊಟ್ಟರೆ? ಅಪ್ಪನ ಎದುರು, ಕೆಲಸದವರ ಎದುರು ನಗೆಪಾಟಲಾದರೆ? ಇದನ್ನು ನೀನು ಅಚ್ಚುಕಟ್ಟುತನ ಅಂದುಕೊಂಡಿದ್ದೀಯ. ನನಗಂತೂ ಇದು ಬರೀ ಅಂಜಿಕೆಯಾಗಿ ಕಾಣುತ್ತದೆ.

ಅಂಜದೆ ಮುಂದೆ ಹೋದವರ ಕಥೆ ಕೇಳು. ಉಡುಪಿ ಸೀಮೆಯ ಅದಮಾರಿನ ಯು.ಆರ್. ರಾವ್ ಅವರ ತಂಡ ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿದ್ದು ಪೀಣ್ಯದ ಶೆಡ್ಡುಗಳಲ್ಲಿ. ಎಲ್ಲ ಅನುಕೂಲ ಕೂಡಿಬರಲಿ ಅಂತ ಅವರು ಕಾಯಲಿಲ್ಲ. 1975ರ ಏಪ್ರಿಲ್ 19ರಂದು 360 ಕಿಲೋದ ಆ ಉಪಗ್ರಹ ಸೋವಿಯತ್ ರಾಕೆಟ್ ಏರಿ ಕಕ್ಷೆ ಸೇರಿತು. ನಾಲ್ಕೈದು ದಿನಕ್ಕೇ ವಿದ್ಯುತ್ ಪೂರೈಕೆ ಕೆಟ್ಟು ಒಳಗಿನ ವಿಜ್ಞಾನ ಪ್ರಯೋಗಗಳು ನಿಂತುಹೋದವು. ನಿನ್ನ ಲೆಕ್ಕದಲ್ಲಿ ಅದು ಫೇಲು. ಆದರೆ ಉಪಗ್ರಹ ಕಟ್ಟುವುದು ಹೇಗೆ, ನೆಲದಲ್ಲಿ ಕೂತು ಅದರ ಸಂಕೇತ ಹಿಡಿಯುವುದು ಹೇಗೆ ಅನ್ನುವುದು ಆ ಹುಡುಗರಿಗೆ ಕೈವಶವಾಯಿತು. 1979ರಲ್ಲಿ ಮುಂದಿನ ಉಪಗ್ರಹ ಭಾಸ್ಕರ ಮೇಲೇರಿತು.

ಇದಕ್ಕಿಂತ ನಿನಗೆ ಹೆಚ್ಚು ಬೇಕಾದದ್ದು ನಮ್ಮವರೇ ಕಟ್ಟಿದ ಎಎಸ್‌ಎಲ್‌ವಿ ರಾಕೆಟ್ಟಿನ ಕಥೆ. ಪಠ್ಯಪುಸ್ತಕದವರು ಇದನ್ನು ಯಾಕೋ ಅಷ್ಟಾಗಿ ಹೇಳುವುದಿಲ್ಲ. 1987ರ ಮಾರ್ಚಿನಲ್ಲಿ ಮೊದಲ ಹಾರಾಟ. ಪಕ್ಕದ ಎರಡು ಬೂಸ್ಟರ್ ಉರಿದು ಮುಗಿದವು, ನಡುವಿನ ಹಂತ ಹೊತ್ತಿಕೊಳ್ಳಲೇ ಇಲ್ಲ. ಮರುವರ್ಷದ ಜುಲೈಯಲ್ಲಿ ಎರಡನೆಯದು. ಅದೂ ಹೆಚ್ಚುಕಡಿಮೆ ಅದೇ ಸಂಧಿಯಲ್ಲಿ, ಬೂಸ್ಟರ್ ಆರಿ ನಡುವಿನ ಹಂತ ಹೊತ್ತುವ ಹೊತ್ತಿಗೆ, ಹಿಡಿತ ತಪ್ಪಿ ಸಮುದ್ರದ ಪಾಲಾಯಿತು. ಮತ್ತೆ ಹಾರಿಸಲು ಸುಮಾರು ನಾಲ್ಕು ವರ್ಷ ಹಿಡಿಯಿತು. 1992ರಲ್ಲಿ ಆ ಸಂಧಿ ದಾಟಿತು, ಆದರೆ ಉಪಗ್ರಹ ಅಂದುಕೊಂಡದ್ದಕ್ಕಿಂತ ಕೆಳಗಿನ ಕಕ್ಷೆಗೆ ಹೋಯಿತು. 1994ರ ಮೇ ತಿಂಗಳಲ್ಲಿ ಎಲ್ಲವೂ ಸರಿಯಾಯಿತು. ತಮಾಷೆ ಕೇಳು: ಆಮೇಲೆ ಆ ರಾಕೆಟ್ಟನ್ನು ಹಾರಿಸಲೇ ಇಲ್ಲ! ಅದರಲ್ಲಿ ಕಲಿತದ್ದೆಲ್ಲ ಮುಂದಿನ ದೊಡ್ಡ ರಾಕೆಟ್ ಪಿಎಸ್‌ಎಲ್‌ವಿಗೆ ಬೇಕಾಗಿತ್ತು. ಆ ಪಿಎಸ್‌ಎಲ್‌ವಿಯೂ 1993ರ ತನ್ನ ಮೊದಲ ಹಾರಾಟದಲ್ಲಿ ಸೋತಿತು, ಮುಂದಿನ ವರ್ಷ ಗೆದ್ದಿತು.

ಸೋಲೇ ಗೆಲುವಿನ ಸೋಪಾನ ಅಂತ ಶಾಲೆಯ ಗೋಡೆ ಮೇಲೆ ಬರೆಸುತ್ತಾರಲ್ಲ, ಆ ಮಾತು ನನಗೆ ಒಗ್ಗುವುದಿಲ್ಲ. ಸೋಲು ತಾನಾಗಿ ಏನನ್ನೂ ಕಲಿಸದು. ಎಲ್ಲಿಯತನಕ ಸರಿಯಿತ್ತು, ಯಾವ ಕ್ಷಣದಲ್ಲಿ ತಪ್ಪಿತು ಅಂತ ಕೂತು ಹುಡುಕಿದವರಿಗೆ ಮಾತ್ರ ಅದರಿಂದ ಲಾಭ. ನಿನ್ನ ಅಚ್ಚುಕಟ್ಟುತನವನ್ನೆಲ್ಲ ಅಲ್ಲಿ ಖರ್ಚು ಮಾಡು, ಯಾರೂ ಬೇಡ ಅನ್ನುವುದಿಲ್ಲ. ತೋಟದಲ್ಲಿ ಮಳೆ ಹೊಡೆದ ಮೇಲೆ ಅಂಕಿ ಎರ್ರಾಬಿರ್ರಿ ಕುಣಿದರೆ, ವೈರಿನ ಜೋಡಣೆಗೆ ನೀರು ಇಳಿಯಿತೋ, ಗೊಬ್ಬರದ ಉಪ್ಪಿನಂಶಕ್ಕೆ ಮೋಸ ಹೋಯಿತೋ ನೋಡು. ತಾರೀಕು, ಮಳೆ ಬಂದ ಹೊತ್ತು, ಯಂತ್ರ ತೋರಿಸಿದ ಅಂಕಿ, ಕೈಯಲ್ಲಿ ಹಿಡಿದಾಗ ಮಣ್ಣು ಹೇಗಿತ್ತು, ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರಿ. ಹೂಕುಂಡದ ಮುಂದೆ ಇನ್ನೊಂದು ವರ್ಷ ಕೂತರೂ ಇದು ಗೊತ್ತಾಗದು.

ಹಾಗಂತ ಎಲ್ಲ ಕೆಲಸಕ್ಕೂ ‘ನಡೆಯುತ್ತೆ ಬಿಡು’ ಅನ್ನಬೇಡ. ಪಂಪ್‌ಸೆಟ್ಟಿನ ಕರೆಂಟಿಗೆ ಕೈಹಾಕುವ ಕಡೆ ಎರಡೆರಡು ಸಲ ನೋಡು, ಅಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು. ತೇವದ ಅಂಕಿ ಹತ್ತು ಹೆಚ್ಚುಕಡಿಮೆಯಾದರೆ ಯಾವ ಅಡಿಕೆ ಮರವೂ ಬೀಳದು.

ಈ ಭಾನುವಾರ ಬಸ್ಸು ಹತ್ತಿ ಊರಿಗೆ ಬಾ. ಯಂತ್ರವನ್ನು ಕೆಳಗಿನ ತೋಟದಲ್ಲಿ, ನೀರು ನಿಲ್ಲುವ ಕಡೆಯೇ ಹೂಳೋಣ. ಏನಾಯಿತೋ ಅದನ್ನು ಇದ್ದಹಾಗೆ ಬರೆದು ನಿಮ್ಮ ಮೇಡಂಗೆ ಒಪ್ಪಿಸಿಬಿಡು.